ಎಂಟು ನಲವತ್ತು

ಮನೆಗೆ ಹೊಸ ಇಂಟರ್ನೆಟ್ ಲೈನು ಬಂದದ್ದು, ಅಪ್ಪನ ಗಂಟಲಿನ ಆಪರೇಷನ್ನಿಗೆ ದಿನ ಗೊತ್ತಾದದ್ದು ಒಂದೇ ಮಧ್ಯಾಹ್ನ. ಲೈನಿನವನು ಬಾಗಿಲೊಳಗಿನ ಸಣ್ಣ ಓಣಿಕೋಣೆಯ ಗೋಡೆಗೆ ತೂತು ಕೊರೆಯುತ್ತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ಅಮ್ಮ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು, "ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಡ್ರಿಲ್ ಹೊಡೀತಿದಾರೆ" ಎಂದಳು. ಆಮೇಲೆ ಕ್ಯಾಲೆಂಡರಿನಲ್ಲಿ ಒಂದು ಚೌಕಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ, ಲೈನಿನವನಿಗೆ ಚಹಾ ಮಾಡಲು ಒಳಗೆ ಹೋದಳು.

ಇಪ್ಪತ್ತಾರು ದಿನವಿತ್ತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರು. ಆಮೇಲೆ ಅಪ್ಪ ಉಸಿರಾಡುವುದು ಕತ್ತಿನಲ್ಲಿ ಮಾಡಿದ ರಂಧ್ರದಿಂದ. ಮಾತು ಇರುವುದಿಲ್ಲ. ಆದರೆ ಆಸ್ಪತ್ರೆಯ ವಾಕ್‌ತಜ್ಞೆ ಒಂದು ಉಪಾಯ ಹೇಳಿದ್ದಳು. ಸಾವಿರದ ಇನ್ನೂರು ವಾಕ್ಯಗಳ ಪಟ್ಟಿ ಇದೆ. ಅಷ್ಟನ್ನೂ ಈಗಿನ ಧ್ವನಿಯಲ್ಲೇ ಓದಿ ರೆಕಾರ್ಡ್ ಮಾಡಿ ಒಟ್ಟಿಗೆ ತಂದುಕೊಟ್ಟರೆ, ಕಂಪ್ಯೂಟರು ಅದರಿಂದ ಅವರದೇ ಧ್ವನಿಯನ್ನು ಕಟ್ಟುತ್ತದೆ. ಆಮೇಲೆ ಫೋನಿನಲ್ಲಿ ಏನು ಟೈಪ್ ಮಾಡಿದರೂ ಆ ಧ್ವನಿಯಲ್ಲಿ ಹೇಳಿಸಬಹುದು.

ಈ ಕೆಲಸವನ್ನು ಮಗಳು ವಹಿಸಿಕೊಂಡಳು. ಅವಳು ಊರಿಗೆ ಕುಡಿಯುವ ನೀರು ಬಿಡುವ ಕಚೇರಿಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವವಳು. ಅಲ್ಲಿ ಪ್ರತಿ ನಲ್ಲಿಯ ನೀರನ್ನೂ ಎರಡೆರಡು ಬಾಟಲಿಯಲ್ಲಿ ಹಿಡಿಯುತ್ತಾರೆ. ಎರಡರ ಅಂಕಿ ಹೊಂದದಿದ್ದರೆ ಎರಡನ್ನೂ ಚೆಲ್ಲಿ ಮತ್ತೆ ಹೋಗಬೇಕು.

"ಲ್ಯಾಪ್‌ಟಾಪು ಒಂದರಲ್ಲೇ ಇಟ್ಟರೆ ಆಗಲ್ಲ. ಇನ್ನೊಂದು ಕಡೆ ನಕಲು ಇರಬೇಕು" ಎಂದಳು.

"ಆನ್‌ಲೈನಲ್ಲಿ ಹಾಕು. ಹೊಸ ಲೈನು ಬಂದಿದೆಯಲ್ಲ" ಎಂದ ಮಗ. ಅವನು ಕೊರಿಯರ್ ವ್ಯಾನು ಓಡಿಸುವವನು, ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು.

"ಯಾರದೋ ಮನೇಲಿ ನನ್ನ ಧ್ವನಿ ಇಡೋದು ಬೇಡ" ಎಂದರು ಅಪ್ಪ. ಆಗಲೇ ಅವರ ಧ್ವನಿ ಅರ್ಧ ಗಾಳಿಯಾಗಿತ್ತು. "ಅದನ್ನಿಟ್ಕೊಂಡು ಯಾವನಾದ್ರೂ ನಿಮ್ಮ ಮಾವನ ಹತ್ರ ಸಾಲ ಕೇಳಿದ್ರೆ?"

"ಮಾವ ನಿಮಗೇ ಕೊಡಲ್ಲ, ನಿಮ್ಮ ಧ್ವನಿಗೆ ಕೊಡ್ತಾರಾ?" ಎಂದಳು ಅಮ್ಮ.

ಹಾಗಾಗಿ ಮಗ ಮರುದಿನ ಒಂದು ಬಿಳಿ ಡಬ್ಬಿ ತಂದ. ಸೋಪಿನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಕರೆಂಟಿನ ವೈರು ಬಿಟ್ಟರೆ ಬೇರೆ ವೈರಿಲ್ಲ. ಮನೆಯ ವೈ-ಫೈ ಮೂಲಕವೇ ಲ್ಯಾಪ್‌ಟಾಪಿನಲ್ಲಿರುವುದನ್ನೆಲ್ಲ ತನ್ನೊಳಗೆ ನಕಲು ಮಾಡಿಕೊಳ್ಳುತ್ತದೆ. ಓಣಿಕೋಣೆಯಲ್ಲಿ ಹೊಸ ರೂಟರಿನ ಪಕ್ಕದ ಗೂಡಿನಲ್ಲಿ ಅದನ್ನಿಟ್ಟರು. ಅದಕ್ಕೆ ಹೊಸ ನೆಟ್‌ವರ್ಕಿನ ಪಾಸ್‌ವರ್ಡು ಕೊಡಬೇಕಿತ್ತು. ಅದು ರೂಟರಿನ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿತ್ತು. ಅಪ್ಪ ಭೂತಕನ್ನಡಿ ಹಿಡಿದು ಓದಿದರು. ಅವರು ಮೂವತ್ತೊಂದು ವರ್ಷ ವಿದ್ಯುತ್ ಉಪಕೇಂದ್ರದಲ್ಲಿ ಶಿಫ್ಟ್ ಆಪರೇಟರ್ ಆಗಿದ್ದವರು. ಫೋನಿನಲ್ಲಿ ಲೈನಿನ ನಂಬರು ಹೇಳಿ ಅಭ್ಯಾಸವಾದ ಧಾಟಿಯಲ್ಲೇ ಒಂದೊಂದು ಅಕ್ಷರ ಹೇಳಿದರು.

"ಬಿ. ಬಸ್ಸಿನ ಬಿ. ಏಳು. ಸಣ್ಣ ಎಂ. ತಿರುಗಿ ಹೇಳು."

"ಬಿ, ಏಳು, ಸಣ್ಣ ಎಂ" ಎಂದ ಮಗ.

"ಸರಿ. ಮುಂದೆ ಸೊನ್ನೆ. ಓ ಅಲ್ಲ, ಸೊನ್ನೆ."

ಅದು ಓ ಆಗಿತ್ತು. ಮೂರನೇ ಸಲಕ್ಕೆ ಡಬ್ಬಿಯ ದೀಪ ಕಿತ್ತಳೆಯಿಂದ ಹಸಿರಾಯಿತು. ಮಗ ರೂಟರಿಗೂ ಡಬ್ಬಿಗೂ ಸೇರಿ ಇದ್ದ ಸ್ವಿಚ್ಚಿನ ಮೇಲೆ ಕೆಂಪು ಟೇಪು ಅಂಟಿಸಿದ. "ಯಾರೂ ಇದನ್ನ ಆರಿಸಬೇಡಿ. ಮುಖ್ಯವಾಗಿ ನೀವು" ಎಂದು ಅಪ್ಪನಿಗೆ ಹೇಳಿದ. ಅಪ್ಪ ಟೇಪನ್ನು ಉಗುರಿನಿಂದ ತಿಕ್ಕಿ ನೋಡಿ, "ಕೆಂಪು ಟೇಪಿದ್ರೆ ನಾನು ಮುಟ್ಟಲ್ಲ. ಅದು ನಿಯಮ" ಎಂದರು.

ಪರೀಕ್ಷೆಗೆಂದು ಮಗಳು ಹನ್ನೊಂದು ನಿಮಿಷ ರೆಕಾರ್ಡ್ ಮಾಡಿದಳು.

"ಶುರು ಆಯ್ತಾ?" ಎಂದರು ಅಪ್ಪ.

"ಆಯ್ತು, ಮಾತಾಡಿ."

"ಮಾತಾಡು ಅಂದ್ರೆ ಮಾತು ಬರುತ್ತಾ? ಅಡುಗೆಮನೇಲಿ ಲೈಟು ಯಾಕೆ ಉರೀತಿದೆ?"

"ಹಾಲು ಒಲೆ ಮೇಲಿದೆ" ಎಂದು ಅಮ್ಮ ಕೂತಲ್ಲಿಂದಲೇ ಕೂಗಿದಳು.

"ಹಾಲು ಕತ್ತಲಲ್ಲೂ ಉಕ್ಕುತ್ತೆ. ಆರಿಸು."

ಊಟದ ಮೇಜಿನ ತುದಿಯಲ್ಲಿದ್ದ ಅಜ್ಜಿ ತಲೆ ಎತ್ತಿದಳು. ಅಪ್ಪನ ತಾಯಿ, ಎಂಬತ್ತಾರು ವರ್ಷ. ಅವಳ ಕಿವಿಗೆ ಕೀರಲು ಸದ್ದುಗಳು ಕೇಳದೆ ಹತ್ತು ವರ್ಷವಾಗಿತ್ತು. ಹೆಂಗಸರ ಮಾತು, ಮೊಮ್ಮಗನ ಮಾತು ಯಾವುದೂ ತಲುಪುತ್ತಿರಲಿಲ್ಲ. ಕಿವಿಯ ಯಂತ್ರ ಶಿಳ್ಳೆ ಹೊಡೆಯುತ್ತದೆಂದು ಡ್ರಾಯರಿನಲ್ಲಿ ಬಿದ್ದಿತ್ತು. ದಪ್ಪ ತಗ್ಗು ಸ್ವರ ಮಾತ್ರ ಅವಳಿಗೆ ಉಳಿದಿತ್ತು. ಮನೆಯಲ್ಲಿ ಅಂಥ ಸ್ವರ ಒಂದೇ.

"ಯಾರ ಜೊತೆ ಮಾತಾಡ್ತಿದೀಯೋ?" ಎಂದಳು.

"ಏನಿಲ್ಲಮ್ಮಾ. ನೀನು ಊಟ ಮಾಡು" ಎಂದರು ಅಪ್ಪ.

ಆ ರೆಕಾರ್ಡು ಡಬ್ಬಿಗೆ ಹೋಯಿತು. ಮಗಳು ಅದನ್ನು ಡಬ್ಬಿಯಿಂದ ತೆರೆದು ಕೇಳಿ, ಸರಿ ಇದೆ ಎಂದಳು.

ಮರುದಿನ ಬೆಳಿಗ್ಗೆ ಅಮ್ಮನಿಗೆ ಆ ಗೂಡು ಬೇಕಾಯಿತು. ಆಸ್ಪತ್ರೆಯ ಔಷಧಿ, ಹತ್ತಿ, ಹಬೆ ಹಿಡಿಯುವ ಯಂತ್ರ ಎಲ್ಲ ಒಂದೇ ಕಡೆ ಇರಲೆಂದು. "ಇದಕ್ಕೆ ವೈರೇ ಬೇಡ ಅಂದ್ರಲ್ಲ, ಎಲ್ಲಿಟ್ರೂ ನಡೆಯುತ್ತೆ ತಾನೆ?" ಎಂದು ಮಗನನ್ನು ಕೇಳಿದಳು. ಅವನು ಶೂ ಹಾಕಿಕೊಳ್ಳುತ್ತ, "ನಡೆಯುತ್ತೆ, ಕರೆಂಟಿದ್ರೆ ಸಾಕು" ಎಂದ. ಅಮ್ಮ ಡಬ್ಬಿಯನ್ನು ಮುಂದಿನ ಹಾಲಿಗೆ ತಂದು ಲ್ಯಾಪ್‌ಟಾಪಿನ ಮೇಜಿನ ಮೇಲಿಟ್ಟು, ಲ್ಯಾಪ್‌ಟಾಪಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದಳು. ಕೆಂಪು ಟೇಪು ಓಣಿಕೋಣೆಯಲ್ಲೇ ಉಳಿಯಿತು.

ದಿನಕ್ಕೆ ಐವತ್ತು ವಾಕ್ಯ. ಅದಕ್ಕಿಂತ ಹೆಚ್ಚಾದರೆ ಅಪ್ಪನ ಗಂಟಲು ಒಡೆಯುತ್ತಿತ್ತು. ಮಗಳು ಬೆಳಗಿನ ಜಾವ ನಾಲ್ಕೂವರೆಗೆ ಕೆಲಸಕ್ಕೆ ಹೋಗಿ ಎರಡು ಗಂಟೆಗೆ ಬರುವವಳು. ಊಟ ಮಾಡಿ, ಕೈ ತೊಳೆದು, ಕಿಟಕಿಗಳನ್ನು ಮುಚ್ಚಿ ಕೂರುತ್ತಿದ್ದಳು. ಫ್ಯಾನು ಬಂದ್. ಅಮ್ಮ ಕುಕ್ಕರು ಇಡುವಂತಿಲ್ಲ. ವಾಕ್ಯಗಳನ್ನು ಯಾರು ಬರೆದಿದ್ದರೋ, ಒಂದಕ್ಕೊಂದು ಸಂಬಂಧವಿರಲಿಲ್ಲ.

"ನೀಲಿ ಕುರ್ಚಿಯ ಮೇಲೆ ಏಳು ಪುಸ್ತಕಗಳಿವೆ" ಎಂದು ಅಪ್ಪ ಓದಿದರು. "ಇರಲಿ ಬಿಡು. ಮುಂದಿನದು?"

"ಅದನ್ನೆಲ್ಲ ಸೇರಿಸಬೇಡಿ. ಬರೀ ವಾಕ್ಯ."

"ನಿಮ್ಮ ಹಡಗು ಎಷ್ಟು ಗಂಟೆಗೆ ಹೊರಡುತ್ತದೆ? ನನ್ನ ಜನ್ಮದಲ್ಲಿ ಹಡಗು ನೋಡಿಲ್ಲ. ಆಪರೇಷನ್ ಆದ್ಮೇಲೆ ಇದನ್ನ ಯಾರನ್ನ ಕೇಳ್ಲಿ?"

"ಅಪ್ಪಾ."

"ನಿಮ್ಮ ಹಡಗು ಎಷ್ಟು ಗಂಟೆಗೆ ಹೊರಡುತ್ತದೆ?"

ಒಂದು ವಾರದ ಹೊತ್ತಿಗೆ ಅವರಿಗೆ ಬ್ರೆಡ್ಡು ನುಂಗಲು ಆಗುತ್ತಿರಲಿಲ್ಲ. ಅಮ್ಮ ಬೆಂದ ಆಲೂಗಡ್ಡೆಯನ್ನು ಹಾಲಿನಲ್ಲಿ ಕಿವುಚಿ ಕೊಟ್ಟಳು. ಎರಡನೇ ವಾರ ಎಲ್ಲವೂ ಮಿಕ್ಸಿಗೆ ಹೋಯಿತು. ಅಡುಗೆ ಎರಡು ಬಗೆ ಮಾಡಲಾರದೆ ಮನೆಮಂದಿಯೆಲ್ಲ ಅದನ್ನೇ ಉಂಡರು. "ಹಲ್ಲು ಯಾಕೆ ಉಜ್ಜಬೇಕೋ ಗೊತ್ತಾಗ್ತಿಲ್ಲ" ಎಂದ ಮಗ. ಅವನು ಹೊರಗಿನಿಂದ ತಿಂದು ಬರತೊಡಗಿದ. ಅಂಗಿಯಲ್ಲಿ ಕರಿದದ್ದರ ವಾಸನೆ ಬಂದಾಗ ಅಮ್ಮ ಅದನ್ನು ಬಕೆಟಿಗೆ ಹಾಕುತ್ತಿದ್ದಳು.

ಸಂಜೆ ಏಳೂವರೆಗೆ ಮಗಳು ಡಬ್ಬಿಗೆ ನಕಲು ಮಾಡುವ ಕೆಲಸ ಶುರು ಮಾಡುತ್ತಿದ್ದಳು. ಲ್ಯಾಪ್‌ಟಾಪಿನಲ್ಲಿ ಹಿಂದಿನ ಎಂಟು ವರ್ಷದ್ದೆಲ್ಲ ಇತ್ತು, ಮೊದಲ ನಕಲಿಗೆ ಒಂಬತ್ತು ಗಂಟೆ ಬೇಕೆಂದು ಅದು ತೋರಿಸಿತ್ತು. ರಾತ್ರಿಯಿಡೀ ನಡೆಯಲಿ, ಮುಗಿದ ಮೇಲೆ ಲ್ಯಾಪ್‌ಟಾಪು ತಾನಾಗಿಯೇ ಆರಿಕೊಳ್ಳಲಿ ಎಂದು ಸೆಟ್ ಮಾಡಿ ಅವಳು ಎಂಟೂಕಾಲಿಗೆ ಮಲಗುತ್ತಿದ್ದಳು. ಮಾರನೆಯ ದಿನ ಎರಡು ಗಂಟೆಗೆ ಬಂದಾಗ ಲ್ಯಾಪ್‌ಟಾಪು ಆರಿರುತ್ತಿತ್ತು. ಡಬ್ಬಿಯ ದೀಪ ಹಸಿರಾಗಿರುತ್ತಿತ್ತು. ಲ್ಯಾಪ್‌ಟಾಪು ಹಚ್ಚಿದರೆ, ಕಳೆದ ಸಲ ಸರಿಯಾಗಿ ಮುಚ್ಚಿಲ್ಲ ಎಂಬ ಸೂಚನೆ ಬರುತ್ತಿತ್ತು. ಬ್ಯಾಟರಿ ಸತ್ತು ಬರೀ ಪ್ಲಗ್ಗಿನ ಮೇಲೆ ಬದುಕಿದ್ದ ಆ ಯಂತ್ರ ಎರಡು ವರ್ಷದಿಂದ ಅದನ್ನೇ ಹೇಳುತ್ತಿತ್ತು. ನಕಲು ಬಾಕಿ ಇದೆ ಎಂದೂ ಬರುತ್ತಿತ್ತು. ಇವತ್ತಿನ ಐವತ್ತು ಬಾಕಿ ಇರುವುದು ನಿಜವೇ ಆದ್ದರಿಂದ ಅವಳು ಅದನ್ನು ಮುಚ್ಚಿ ರೆಕಾರ್ಡಿಗೆ ಕೂರುತ್ತಿದ್ದಳು.

ಅಪ್ಪನಿಗೂ ಒಂದು ದಿನಚರಿ ಇತ್ತು. ರಾತ್ರಿ ಊಟವಾದ ಮೇಲೆ ಮನೆಯ ಸ್ವಿಚ್ಚುಗಳ ಒಂದು ಸುತ್ತು. ಅಡುಗೆಮನೆ, ಬಚ್ಚಲು, ಕೋಣೆಗಳು, ಕೊನೆಗೆ ಹಾಲು. ಅಜ್ಜಿ ಮಲಗುತ್ತಿದ್ದುದು ಅಲ್ಲೇ ಆದ್ದರಿಂದ ಒಂದು ಚುಕ್ಕೆ ಬೆಳಕೂ ಉಳಿಯಬಾರದು. ಬೆಳಿಗ್ಗೆ ಆರಕ್ಕೆ ಬೇಕಾದವನ್ನು ಮತ್ತೆ ಹಾಕುತ್ತಿದ್ದರು. ಉಪಕೇಂದ್ರದಲ್ಲಿ ಬರೆಯುತ್ತಿದ್ದ ಹಾಗೇ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಸಮಯ, ಜಾಗ, ಸ್ಥಿತಿ, ಷರಾ ಎಂದು ನಾಲ್ಕು ಕಾಲಮ್ಮು. ಷರಾ ಕಾಲಮ್ಮು ವರ್ಷಗಟ್ಟಲೆ ಖಾಲಿ. ನಿವೃತ್ತರಾಗಿ ಆರು ವರ್ಷದಲ್ಲಿ ಐದನೇ ಪುಸ್ತಕ ನಡೆಯುತ್ತಿತ್ತು. ಮನೆಯಲ್ಲಿ ಅದನ್ನು ಯಾರೂ ತೆರೆದು ನೋಡುತ್ತಿರಲಿಲ್ಲ.

ಇಪ್ಪತ್ತನಾಲ್ಕನೆಯ ದಿನ ಕೊನೆಯ ವಾಕ್ಯ ಬಂತು. ಅಪ್ಪನ ಧ್ವನಿ ಒಣ ಎಲೆಯ ಸದ್ದಿನಷ್ಟಾಗಿತ್ತು.

"ಬಾಗಿಲು ತೆರೆದೇ ಇದೆ, ಒಳಗೆ ಬನ್ನಿ." ಅವರು ಕನ್ನಡಕ ತೆಗೆದರು. "ಅಷ್ಟೇನಾ?"

"ಅಷ್ಟೇ. ಸಾವಿರದ ಇನ್ನೂರು."

"ಪರವಾಗಿಲ್ಲ. ಮೂವತ್ತು ವರ್ಷದಲ್ಲಿ ನಿಮ್ಮಮ್ಮನ ಹತ್ರ ಇಷ್ಟು ಮಾತಾಡಿರಲಿಲ್ಲ."

"ಆಡಿದ್ರಿ. ಇನ್ನೂರು ಮಾತು, ಉಳಿದ ಸಾವಿರ ಲೈಟು ಆರಿಸು ಅನ್ನೋದು" ಎಂದಳು ಅಮ್ಮ.

ಮರುದಿನ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಹೊರಡುವ ಮೊದಲು ಅಪ್ಪ ಅಜ್ಜಿಯ ಮಂಚದ ಬಳಿ ಕೂತು ಏನೋ ಹೇಳಿದರು. ಅಜ್ಜಿ, "ಸ್ವೆಟರ್ ತಗೊಂಡು ಹೋಗು" ಎಂದಳು. ಆಪರೇಷನ್ ಏಳು ಗಂಟೆ ಹಿಡಿಯಿತು. ಡಾಕ್ಟರು ಹೊರಗೆ ಬಂದು, ಗಡ್ಡೆ ಪೂರ್ತಿ ಬಂದಿದೆ, ಅಂಚು ಸ್ವಚ್ಛವಾಗಿದೆ ಎಂದರು. ಅಮ್ಮ ಬೆಂಚಿನ ಮೇಲಿದ್ದ ಟಿಫಿನ್ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿದಳು.

ನಾಲ್ಕನೆಯ ದಿನ ಮಗಳು ರೆಕಾರ್ಡುಗಳನ್ನು ವಾಕ್‌ತಜ್ಞೆಗೆ ಕೊಡಬೇಕೆಂದು ಲ್ಯಾಪ್‌ಟಾಪು ಹಚ್ಚಿದಳು. ಪರದೆ ಕಪ್ಪಾಗಿಯೇ ಇತ್ತು. ಒಳಗಿನಿಂದ ಟಿಕ್, ಟಿಕ್ ಎಂದು ಗಡಿಯಾರದ ಹಾಗೆ ಸದ್ದು ಬಂತು. ರಿಪೇರಿ ಅಂಗಡಿಯವನು ಕಿವಿಯಿಟ್ಟು ಕೇಳಿ, "ಡಿಸ್ಕು ಹೋಗಿದೆ, ಒಳಗಿದ್ದದ್ದು ಸಿಗಲ್ಲ. ಓಡ್ತಿರುವಾಗ್ಲೇ ಕರೆಂಟ್ ಕಟ್ಟಾಗ್ತಿತ್ತಾ? ತುಂಬ ಸಲ ಆದ್ರೆ ಹೀಗಾಗುತ್ತೆ" ಎಂದ.

"ಪರವಾಗಿಲ್ಲ, ನಕಲಿದೆ" ಎಂದಳು ಅವಳು.

ಮನೆಗೆ ಬಂದು ಫೋನಿನಿಂದ ಡಬ್ಬಿಯನ್ನು ತೆರೆದಳು. ಒಳಗೆ ಒಂದೇ ಒಂದು ರೆಕಾರ್ಡಿತ್ತು. ಹನ್ನೊಂದು ನಿಮಿಷದ್ದು. ಕೆಳಗೆ ಡಬ್ಬಿಯೇ ಬರೆದಿಟ್ಟುಕೊಂಡ ಪಟ್ಟಿ ಇತ್ತು. ಪೂರ್ತಿ ನಕಲು ಶುರು, ಏಳು ಮೂವತ್ತು. ಅರ್ಧಕ್ಕೆ ನಿಂತಿದೆ, ಎಂಟು ನಲವತ್ತು. ಅಪೂರ್ಣ ನಕಲು ಅಳಿಸಲಾಗಿದೆ. ಮರುದಿನ, ಏಳು ಮೂವತ್ತೆರಡು, ಎಂಟು ನಲವತ್ತು. ಇಪ್ಪತ್ತನಾಲ್ಕು ಸಲ. ನಿಂತ ಹೊತ್ತಿನಲ್ಲಿ ಅತಿ ಹೆಚ್ಚೆಂದರೆ ಒಂದು ನಿಮಿಷದ ವ್ಯತ್ಯಾಸ.

ಅವಳು ಪ್ಲಗ್ಗನ್ನು ನೋಡಿದಳು. ಆಮೇಲೆ ಅಪ್ಪನ ಉದ್ದನೆಯ ಪುಸ್ತಕ ತೆಗೆದಳು. 8.40, ಹಾಲು, ಲ್ಯಾಪ್‌ಟಾಪು, ಬಂದ್. 8.40, ಹಾಲು, ಹೊಸ ಡಬ್ಬಿ, ಬಂದ್. ಬೆಳಿಗ್ಗೆ 6.00, ಹೊಸ ಡಬ್ಬಿ, ಚಾಲೂ. ಎರಡು ಪಟ್ಟಿಯ ಅಂಕಿಗಳೂ ಹೊಂದಿದವು.

ಅಮ್ಮ ಆಸ್ಪತ್ರೆಯಿಂದ ಬಟ್ಟೆ ಬದಲಾಯಿಸಲು ಬಂದಾಗ ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು ಹೇಳಿದಳು. ಅಮ್ಮ ನಿಂತೇ ಕೇಳಿದಳು, ಅವಳನ್ನು ಕರೆತಂದ ಮಗನೂ.

"ಡಬ್ಬಿ ಜಾಗ ಬದಲಾಯಿಸಿದ್ದು ನಾನು" ಎಂದಳು ಅಮ್ಮ.

"ಟೇಪು ತೆಗೆದು ಇಲ್ಲಿ ಅಂಟಿಸಬೇಕಿತ್ತು, ನಾನು ಅಂಟಿಸಲಿಲ್ಲ" ಎಂದ ಮಗ. ಆಮೇಲೆ, "ಅಕ್ಕ, ಒಂದು ಪೆನ್‌ಡ್ರೈವಿಗೆ ಹಾಕಿಟ್ಟಿದ್ರೂ ಆಗ್ತಿತ್ತು. ಬಾಟಲಿ ಬಾಟಲಿ ಎರಡೆರಡು ಸಲ ನೋಡೋಳು, ಇದನ್ನ ಒಂದ್ಸಲ ತೆರೆದು ನೋಡ್ಲಿಲ್ವಾ?" ಎಂದ.

"ಮೊದಲನೇ ದಿನ ನೋಡಿದ್ದೆ."

"ಮೊದಲನೇ ದಿನ!"

"ಸಾಕು" ಎಂದಳು ಅಮ್ಮ. "ಅವರಿಗೆ ಹೇಳೋದು ಬೇಡ. ಡಬ್ಬಿ ಕೆಟ್ಟಿತ್ತು ಅನ್ನೋಣ. ಕಂಪನಿ ಮಾಲು ಸರಿ ಇರಲಿಲ್ಲ, ಮುಗೀತು."

"ಹೌದು, ನಾನೇ ಅಗ್ಗದ್ದು ತಂದೆ ಅಂತೀನಿ. ಬೈದ್ರೆ ನನಗೇ..." ಮಗ ಅಲ್ಲಿಗೇ ನಿಲ್ಲಿಸಿದ.

ಊಟದ ಮೇಜಿನಿಂದ ಅಜ್ಜಿ, "ಏನಂತೆ?" ಎಂದಳು. ಅಮ್ಮ ಕೈಯಾಡಿಸಿ ಏನೂ ಇಲ್ಲವೆಂದಳು. ಅಜ್ಜಿಗೆ ಅದು ಅರ್ಥವಾಗಲಿಲ್ಲ. ಮತ್ತೆ ಕೇಳಿದಳು.

ಹನ್ನೊಂದು ನಿಮಿಷದಿಂದ ಧ್ವನಿ ಕಟ್ಟಲಾಗದು ಎಂದು ವಾಕ್‌ತಜ್ಞೆ ಹೇಳಿದಳು. ಸ್ಪಷ್ಟವಾಗಿರುವ ಮಾತುಗಳನ್ನು ಕತ್ತರಿಸಿ ಫೋನಿನಲ್ಲಿ ಗುಂಡಿಗಳಾಗಿ ಇಡಬಹುದು, ಒತ್ತಿದರೆ ಅದಷ್ಟೇ ಹೇಳುತ್ತದೆ ಎಂದಳು. ಒಂಬತ್ತು ಮಾತು ಸಿಕ್ಕವು. ಮಗಳು ಅವನ್ನು ಅಪ್ಪನ ಫೋನಿಗೆ ಹಾಕಿದಳು.

ಹದಿನಾರನೆಯ ದಿನ ಅಪ್ಪ ಮನೆಗೆ ಬಂದರು. ಕತ್ತಿನ ರಂಧ್ರದ ಮೇಲೆ ತೆಳುವಾದ ಬಿಳಿ ಬಟ್ಟೆ. ಉಸಿರು ಬಂದಾಗ ಅದು ಸ್ವಲ್ಪ ಏಳುತ್ತಿತ್ತು. ಕೈಯಲ್ಲಿ ಅಳಿಸಿ ಬರೆಯುವ ಪುಟ್ಟ ಹಲಗೆ. ಅಜ್ಜಿ ಅವರ ಮುಖ ನೋಡಿ, "ಆಯ್ತಾ ಎಲ್ಲಾ?" ಎಂದಳು. ಅವರು ತಲೆಯಾಡಿಸಿದರು. "ಏನು?" ಎಂದಳು. ಅವರು ಇನ್ನೂ ಜೋರಾಗಿ ತಲೆಯಾಡಿಸಿದರು.

ಸಂಜೆ ಊಟಕ್ಕೆ ಕೂತರು. ಎಲ್ಲರಿಗೂ ಸೋಸಿದ ಸೂಪು, ಅಪ್ಪನಿಗೆ ಇನ್ನೊಮ್ಮೆ ಸೋಸಿದ್ದು. ಅವರು ಎರಡು ಚಮಚ ಕುಡಿದು ಹಲಗೆ ತೆಗೆದುಕೊಂಡರು. ಧ್ವನಿ ರೆಡಿ ಆಯ್ತಾ, ಎಂದು ಬರೆದರು.

ಮಗ ಚಮಚ ಕೆಳಗಿಟ್ಟ. "ಅಪ್ಪ, ಡಬ್ಬಿ ಕೈಕೊಡ್ತು. ನಾನು ತಂದಿದ್ದು ಸರಿ ಇರಲಿಲ್ಲ. ಲ್ಯಾಪ್‌ಟಾಪೂ ಕೆಟ್ಟುಹೋಯ್ತು. ಮೊದಲನೇ ದಿನದ್ದು ಮಾತ್ರ ಉಳಿದಿದೆ." ಒಂದೇ ಉಸಿರಿಗೆ ಹೇಳಿ ನೀರು ಕುಡಿದ.

ಅಪ್ಪ ಅವನನ್ನು ನೋಡಿದರು. ಹಲಗೆಯನ್ನು ಬೆರಳಿನಿಂದ ಒರೆಸಿದರು. ಉಪಕೇಂದ್ರದಲ್ಲಿ ಯಾವುದೇ ಯಂತ್ರ ನಿಂತರೂ ಮೊದಲು ಕೇಳುವ ಪ್ರಶ್ನೆ ಒಂದೇ. ಅದನ್ನೇ ಬರೆದು ಹಲಗೆಯನ್ನು ಮಗಳ ಕಡೆ ತಿರುಗಿಸಿದರು.

ಎಷ್ಟು ಗಂಟೆಗೆ ನಿಂತಿತು?

ಅಮ್ಮ, "ಸೂಪು ಆರಿಹೋಗುತ್ತೆ ರೀ" ಎಂದಳು. ಮಗ ಅಕ್ಕನ ಕಾಲನ್ನು ಮೇಜಿನಡಿಯಲ್ಲಿ ಒದ್ದ. ಮಗಳು ಹಲಗೆಯನ್ನೇ ನೋಡುತ್ತಿದ್ದಳು. ಒಂದು ಅಂಕಿ ಹೇಳಿದರೆ ಸಾಕಿತ್ತು, ಯಾವುದಾದರೂ.

"ಎಂಟು ನಲವತ್ತು" ಎಂದಳು.

ಅವರು ಬರೆದರು. ಯಾವ ದಿನ?

"ಎಲ್ಲಾ ದಿನಾನೂ."

ಕತ್ತಿನ ಬಟ್ಟೆ ಒಮ್ಮೆ ಎದ್ದು ಇಳಿಯಿತು. ಅಪ್ಪ ಹಲಗೆಯನ್ನು ಮಗುಚಿಟ್ಟು ಸೂಪಿನ ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಉಳಿದದ್ದನ್ನು ಪೂರ್ತಿ ಕುಡಿದರು. ಒಂದೊಂದು ಗುಟುಕಿಗೂ ಗದ್ದ ತಗ್ಗಿಸಬೇಕೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು, ಹಾಗೇ ಮಾಡಿದರು. ಅಮ್ಮ ಯಾರಿಗೂ ಬೇಡದ ಬ್ರೆಡ್ಡನ್ನು ಚೂರು ಮಾಡುತ್ತಿದ್ದಳು. ಅಜ್ಜಿಯ ಊಟ ಯಾವಾಗಲೂ ನಿಧಾನ. ಅವಳು ಚಮಚ ಬಾಯಿಯ ಹತ್ತಿರ ಹಿಡಿದು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು.

ಎಂಟು ಮೂವತ್ತೈದಕ್ಕೆ ಅಪ್ಪ ಎದ್ದರು. ಅಮ್ಮ, "ಇವತ್ತೊಂದು ದಿನ ಬಿಡಿ" ಎಂದಳು. ಅವರು ಅಡುಗೆಮನೆಗೆ ಹೋದರು. ಸ್ವಿಚ್ಚಿನ ಸದ್ದು ಕೇಳಿತು. ಬಚ್ಚಲು. ಕೋಣೆಗಳು. ಹಾಲಿಗೆ ಬಂದು ಲ್ಯಾಪ್‌ಟಾಪಿನ ಮೇಜಿನ ಮುಂದೆ ನಿಂತರು. ಲ್ಯಾಪ್‌ಟಾಪು ಇರಲಿಲ್ಲ. ಡಬ್ಬಿಯ ದೀಪ ಹಸಿರಾಗಿತ್ತು. ಅದರ ಸ್ವಿಚ್ಚನ್ನು ಅವರು ಮುಟ್ಟಲಿಲ್ಲ.

ಊಟದ ಮೇಜಿಗೆ ವಾಪಸು ಬಂದು ಉದ್ದನೆಯ ಪುಸ್ತಕ ತೆರೆದರು. ಇವತ್ತಿನ ಸಾಲು ಬರೆದರು. 8.40, ಹಾಲು, ಹೊಸ ಡಬ್ಬಿ, ಚಾಲೂ. ಆಮೇಲೆ ಪುಟಗಳನ್ನು ಹಿಂದಕ್ಕೆ ಮಗುಚಿ, ಹೊಸ ಡಬ್ಬಿ ಎಂದು ಮೊದಲ ಸಲ ಬಂದ ಕಡೆ ನಿಲ್ಲಿಸಿ, ಖಾಲಿ ಇದ್ದ ಷರಾ ಕಾಲಮ್ಮಿನಲ್ಲಿ ಬರೆದರು. ಆಪರೇಟರ್ ತಪ್ಪು. ಮರುದಿನದ 8.40ರ ಸಾಲಿನಲ್ಲಿ, ಅದೇ ಎಂಬರ್ಥಕ್ಕೆ, ಎರಡು ಸಣ್ಣ ಗೀಟು. ಅದರ ಮುಂದಿನದಕ್ಕೂ ಎರಡು ಗೀಟು. ಹಾಗೆ ಒಂದೊಂದು ದಿನವನ್ನೂ ಬೆರಳಿನಿಂದ ಹುಡುಕಿ, ಆತುರವಿಲ್ಲದೆ, ಇಪ್ಪತ್ತನಾಲ್ಕರವರೆಗೆ ಹೋದರು. ಮಗಳು ಎದುರಿಗೆ ಕೂತು ಎಣಿಸಿದಳು. ತಪ್ಪಲಿಲ್ಲ.

"ಏನೋ ಅದು? ಎಲ್ಲರೂ ಯಾಕೆ ಹಿಂಗೆ ಕೂತಿದೀರಿ? ಏನಾಯ್ತು?" ಎಂದಳು ಅಜ್ಜಿ.

ಅಮ್ಮ ಏನೋ ಹೇಳಿದಳು. ಅಜ್ಜಿ ಅವಳನ್ನು ನೋಡಲೇ ಇಲ್ಲ, ತನ್ನ ಮಗನನ್ನೇ ನೋಡುತ್ತಿದ್ದಳು.

ಅಪ್ಪ ಪೆನ್ನಿಗೆ ಮುಚ್ಚಳ ಹಾಕಿದರು. ಫೋನು ತೆಗೆದು, ಕನ್ನಡಕ ಸರಿಮಾಡಿಕೊಂಡು, ಒಂಬತ್ತು ಗುಂಡಿಗಳನ್ನೂ ಮೇಲಿನಿಂದ ಕೆಳಗೆ ಓದಿದರು. ಏಳನೆಯದನ್ನು ಒತ್ತಿದರು.

"ಏನಿಲ್ಲಮ್ಮಾ. ನೀನು ಊಟ ಮಾಡು" ಎಂದಿತು ಅವರ ಧ್ವನಿ.

"ಅದನ್ನೇ ಮೊದಲೇ ಹೇಳಬಾರದಾ" ಎಂದಳು ಅಜ್ಜಿ. ಬಟ್ಟಲಿನ ಕಡೆ ಬಾಗಿ ಸೂಪಿಗೆ ಚಮಚ ಅದ್ದಿದಳು.